ಕನ್ನಡಕದ ಅಂಗಡಿಯಲ್ಲಿ ಕರಗಿದ ಏರುಗಳು

ನಮ್ಮ ಭಾವನಿಗೆ ಎರಡು ಕಸುಬು. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ, ಮರ್ಯಾದೆಗೆ ಸೈಕಲ್ ಕ್ಲಬ್ಬಿನ ನಕ್ಷೆ. ಪಳಗಿದ ಸವಾರರಿಗೆಂದೇ ಕ್ಲಬ್ಬು ವರ್ಷಕ್ಕೊಮ್ಮೆ ನಡೆಸುವ 'ಗುಡ್ಡದ ಸುತ್ತು' ಸವಾರಿಗೆ ದಾರಿ ಹಾಕುವವರು ಅವರೇ. ಊಟದ ಮೇಜಿನ ಮೇಲೆ ನಕ್ಷೆ ಹರಡಿದರೆಂದರೆ ನಮ್ಮಕ್ಕ ಅಡುಗೆಮನೆಯಲ್ಲೇ ತಟ್ಟೆ ಹಾಕಬೇಕು, ಮನೆಮಂದಿಯೆಲ್ಲ ನಿಂತೇ ಉಣ್ಣಬೇಕು. ನಾನು ಅಂಗಡಿಯಲ್ಲಿ ಫ್ರೇಮು ಸರಿಮಾಡುವವಳು. ಹಾಗಾಗಿ ಮನೆಯಲ್ಲೂ ಅಂಗಡಿಯಲ್ಲೂ ಆ ಗುಡ್ಡಗಳು ನನ್ನ ತಲೆಯ ಮೇಲೇ ಕೂತಿರುತ್ತವೆ.

ಹೋದ ವರ್ಷದ ಸುತ್ತು ಮುಗಿದ ಮೇಲೆ, ಪೈಪು-ನಲ್ಲಿ ಅಂಗಡಿಯ ಯಜಮಾನರು ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತರು. "ಇದೇನ್ರೀ ಸುತ್ತು? ನಮ್ಮತ್ತೆ ತರಕಾರಿಗೆ ಹೋಗೋ ದಾರಿನೇ ಇದಕ್ಕಿಂತ ಕಷ್ಟ ಇದೆ" ಅಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಸಲವೂ ಹೀಗೇ ಆದರೆ ನಕ್ಷೆಯ ಕೆಲಸ ಯಜಮಾನರಿಗೆ, ಜೊತೆಗೆ ಇನ್ನು ಮೇಲೆ ನಕ್ಷೆ ಹಾಕಿದವರೂ ಸೈಕಲ್ ಹತ್ತಬೇಕು ಎಂದು ಸಭೆ ತೀರ್ಮಾನಿಸಿತು. ಭಾವ ಅವತ್ತು ಊಟ ಬಿಟ್ಟರು. ಆ ನಕ್ಷೆಯನ್ನೂ ಕಿತ್ತುಕೊಂಡರೆ ಈ ಮನುಷ್ಯ ಬರೀ ಚಾಳೀಸು ಮಾರುವವರಾಗಿ ಉಳಿಯುತ್ತಾರಲ್ಲ ಎಂದು ನನಗೂ ಸಂಕಟವಾಯಿತು.

ಅದಕ್ಕೇ ಈ ವರ್ಷ ಹಲ್ಲು ಕಚ್ಚಿ ಕೂತರು. ಹಾವಿನ ತಿರುವು, ಗೂನುದಿಣ್ಣೆ, ಕ್ವಾರಿ ಏರು ಎಂಬ ಮೂರು ಏರುಗಳನ್ನೂ ಹಾಕಿ, ಕಾಲು ಸೋತ ಮೇಲೆ ಬರಲಿ ಎಂದು ಲಾರಿಗಳೂ ಏದುಸಿರು ಬಿಡುವ ಟ್ಯಾಂಕಿನ ಏರನ್ನು ಕೊನೆಗಿಟ್ಟರು. ಎಲ್ಲವನ್ನೂ ಕಡಿದಾದ ಕಡೆಯಿಂದಲೇ ಹತ್ತುವಂತೆ ಸುತ್ತಿನ ದಿಕ್ಕನ್ನೂ ತಿರುಗಿಸಿದರು. ಕ್ಲಬ್ಬಿನ ಗೋಡೆಗೆ ನಕ್ಷೆ ಅಂಟಿಸಿದ ದಿನ ಸವಾರರೆಲ್ಲ "ಸುತ್ತು ಅಂದ್ರೆ ಇದು ಕಣ್ರೀ!" ಎಂದು ಅವರ ಬೆನ್ನು ತಟ್ಟಿದರು.

ಮಾರನೇ ದಿನದಿಂದ ನಮ್ಮ ಅಂಗಡಿಯಲ್ಲಿ ವ್ಯಾಪಾರ ಕುದುರಿತು.

ಮೊದಲು ಬಂದವರು ಕ್ಲಬ್ಬಿನ ಸವಾರರಲ್ಲೊಬ್ಬರಾದ ವಕೀಲರು. ಕಣ್ಣು ಮಂಜಾಗಿದೆ ಅಂದರು. ಕಣ್ಣು ಪರೀಕ್ಷಿಸುವ ಕೋಣೆ ಕತ್ತಲು. ಮರದ ಹಲಗೆಯ ಈಚೆ ಸ್ಕ್ರೂ ಬಿಗಿಯುತ್ತ ಕೂರುವ ನನಗೆ ಅಲ್ಲಿಯ ಮಾತೆಲ್ಲ ಕೇಳಿಸುತ್ತದೆ.

"ಗದ್ದ ಇಲ್ಲಿಡಿ. ನೆಟ್ಟಗೆ ನೋಡಿ. ಕೆಳಗಿನ ಸಾಲು ಓದಿ," ಎಂದರು ಭಾವ.

"ಸಾಲು ಹಾಗಿರಲಿ ರೀ. ಆ ಹಾವಿನ ತಿರುವು ಇದೆಯಲ್ಲ... ನಂಗೇನೂ ಇಲ್ಲ, ನಾನು ಕಣ್ಮುಚ್ಕೊಂಡು ಹತ್ತಿಬಿಡ್ತೀನಿ. ನಮ್ಮ ಹಲ್ಲಿನ ಡಾಕ್ಟ್ರು ಪಾಪ, ಅವರ ಮಂಡಿ ಕೈಕೊಡುತ್ತೆ. ಅವರಿಗೋಸ್ಕರ ಅದೊಂದು ಬಿಟ್ಬಿಡಿ. ನಾನು ಹೇಳ್ದೆ ಅನ್ನಬೇಡಿ."

ಆಮೇಲೆ ಹಲ್ಲಿನ ಡಾಕ್ಟರು ಬಂದರು. ಅವರಿಗೆ ವಕೀಲರ ಎದೆಯ ಚಿಂತೆ. ಗೂನುದಿಣ್ಣೆ ಬೇಡವೇ ಬೇಡ ಅಂದರು. ಭಾವನಿಗೆ ಮುಖ ನೋಡಿ ಇಲ್ಲ ಅನ್ನಲು ಬರುವುದಿಲ್ಲ, ಮುಖ ಕಾಣದ ಕತ್ತಲಲ್ಲೂ ಬರುವುದಿಲ್ಲ. ಇಬ್ಬರಿಗೂ "ಆಯ್ತು ಬಿಡಿ" ಅಂದರು. ಕೊನೆಗೊಂದು ಮಧ್ಯಾಹ್ನ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಪೈಪಿನ ಯಜಮಾನರೇ ಬಂದಾಗ ನನ್ನ ಕೈಲಿದ್ದ ಸ್ಕ್ರೂ ನೆಲಕ್ಕೆ ಬಿತ್ತು.

"ಆ ಕ್ವಾರಿ ಏರು ತೆಗೀರಿ ಮಾರಾಯ್ರೆ. ನನ್ನ ಹೆಂಡ್ತಿ ಹೆದರ್ಕೊಂಡಿದಾಳೆ."

"ಅವರೂ ಬರ್ತಾರಾ?"

"ಇಲ್ಲ, ನಾನು ಬರ್ತೀನಲ್ಲ, ಅದಕ್ಕೇ."

ಅದಕ್ಕೂ "ಆಯ್ತು ಬಿಡಿ" ಅನ್ನಿಸಿಕೊಂಡು ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಭಾವ, ಇವರ ಮಾತು ಕೇಳಿದ್ರೆ ಸಭೇಲಿ ಇವರೇ ನಿಮ್ಮ ಮಾನ ಹರಾಜು ಹಾಕ್ತಾರೆ" ಅಂದೆ.

"ಸುಮ್ನಿರು ಕಣಮ್ಮ, ಚಿತ್ರ ಸರಿ ಮಾಡ್ತೀನಿ."

ನಕ್ಷೆಯ ಕೆಳಗೆ ದಾರಿಯ ಏರಿಳಿತ ತೋರಿಸುವ ಗೆರೆಚಿತ್ರವೊಂದು ಇರುತ್ತದೆ. ಭಾವ ದಾರಿಯನ್ನು ಏರುಗಳಿಂದ ಕಾಲುವೆ ಪಕ್ಕದ ಸಪಾಟು ರಸ್ತೆಗೆ ಹೊರಳಿಸಿ, ಗೆರೆಚಿತ್ರದಲ್ಲಿ ಎತ್ತರದ ಅಳತೆಯನ್ನು ಮಾತ್ರ ಹಿಗ್ಗಿಸಿದರು. ಕಾಲುವೆ ರಸ್ತೆಯ ಪುಟ್ಟ ಸೇತುವೆ ಚಿತ್ರದಲ್ಲಿ ಪರ್ವತವಾಯಿತು. ಚಿಕ್ಕದನ್ನು ದೊಡ್ಡದು ಮಾಡಿ ತೋರಿಸುವುದು ಅವರ ಕಸುಬೇ ತಾನೆ.

ಸುತ್ತಿನ ದಿನ ನೀರಿನ ವ್ಯಾನನ್ನು ಅಕ್ಕ ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಮುಂದೆ ಭಾವ, ಅವರ ಹಿಂದೆ ಗುಂಪು. ಹಾವಿನ ತಿರುವಿನ ಕೂಡುರಸ್ತೆ ಬಂತು. ಎಡಕ್ಕೆ ಏರು, ಬಲಕ್ಕೆ ಕಾಲುವೆ ರಸ್ತೆ. ಗುಂಪು ಬಲಕ್ಕೆ ತಿರುಗಿತು. ಒಬ್ಬರೂ ಎಡಕ್ಕೆ ಕಣ್ಣು ಹಾಯಿಸಲಿಲ್ಲ. ಗೂನುದಿಣ್ಣೆಯಲ್ಲೂ ಅದೇ ಕಥೆ, ಕ್ವಾರಿಯಲ್ಲೂ ಅದೇ. ತಾನು ಬೇಡಿದ್ದು ಒಂದು, ಸಿಕ್ಕಿದ್ದು ಮೂರು ಎಂದು ಆ ಮೂವರಿಗೂ ಗೊತ್ತಾಗಿತ್ತು, ಆದರೆ ಬಾಯಿಬಿಟ್ಟರೆ ತಮ್ಮ ಬಣ್ಣವೇ ಬಯಲಾಗುತ್ತಿತ್ತು. ಉಳಿದವರು ಯಾಕೆ ಸುಮ್ಮನಿದ್ದರೋ, ಅವರವರ ಮಂಡಿಗಳನ್ನೇ ಕೇಳಬೇಕು.

ಟ್ಯಾಂಕಿನ ಏರು ಹತ್ತಿರವಾದಾಗ ನಾನು ಮುಂದಕ್ಕೆ ಬಾಗಿ ಕೂತೆ. ಅದನ್ನು ಯಾರೂ ಬೇಡ ಅಂದಿರಲಿಲ್ಲ. ಭಾವ ಬಲಗೈ ಚಾಚಿದರು, ಅದನ್ನೂ ಬಿಟ್ಟು ಬಲಕ್ಕೇ ತಿರುಗಿದರು. ಅಕ್ಕ ನನ್ನ ಮುಖ ನೋಡಿದಳು.

ಸಂಜೆಯ ಸಭೆಯಲ್ಲಿ ವಕೀಲರು, "ಹಾವಿನ ತಿರುವಲ್ಲಿ ಜೀವ ಬಾಯಿಗೆ ಬಂದಿತ್ತು" ಅಂದರು. ಹಲ್ಲಿನ ಡಾಕ್ಟರು ಮಂಡಿ ನೀವಿಕೊಂಡು ಹೌದುಹೌದೆಂದರು. ಪೈಪಿನ ಯಜಮಾನರು ಎದ್ದು ನಿಂತಾಗ ಭಾವನ ಮುಖದಲ್ಲಿ ರಕ್ತವಿರಲಿಲ್ಲ. "ಇಂಥ ಸುತ್ತು ಹಾಕೋಕೆ ಇವರೊಬ್ಬರಿಂದಲೇ ಸಾಧ್ಯ. ಇವರು ಇರೋತನಕ ನಕ್ಷೆ ಇವರದೇ. ಮುಂದಿನ ವರ್ಷ ಇನ್ನೂ ಕಷ್ಟದ್ದು ಬೇಕು" ಅಂದರು. ಎಲ್ಲರೂ ಕೈ ಎತ್ತಿದರು.

ಮಾರನೇ ಬೆಳಿಗ್ಗೆ ಅಂಗಡಿಗೆ ಹೋದರೆ ಭಾವ ಪರೀಕ್ಷೆಯ ಕೋಣೆಯಲ್ಲಿ, ಗಿರಾಕಿ ಕೂರುವ ಕುರ್ಚಿಯಲ್ಲಿ ಕೂತಿದ್ದರು. ಗೆದ್ದವರ ಮುಖವಲ್ಲ ಅದು.

"ಟ್ಯಾಂಕಿನ ಏರು ಯಾರಿಗೋಸ್ಕರ ತೆಗೆದ್ರಿ ಭಾವ?"

ಅವರು ಗದ್ದವನ್ನು ಯಂತ್ರದ ಮೇಲಿಟ್ಟು ನೆಟ್ಟಗೆ ನೋಡಿದರು. "ನಂಗೇನೂ ಇಲ್ಲ ಕಣಮ್ಮ, ನಾನು ಹತ್ತಿಬಿಡ್ತಿದ್ದೆ. ನಿಮ್ಮಕ್ಕ ಪಾಪ, ಆ ವ್ಯಾನು ಅಷ್ಟು ಏರು ಎಳೆಯಲ್ಲ... ನಾನು ಹೇಳ್ದೆ ಅನ್ನಬೇಡ."

ಆ ವ್ಯಾನು ವಾರವಾರ ಅದೇ ಏರು ಹತ್ತಿ ಲೆನ್ಸಿನ ಪೆಟ್ಟಿಗೆ ತರುತ್ತದೆ. ನನಗೆ ನಗು ಬಂತು. ನಿನ್ನೆಯ ಸಪಾಟು ದಾರಿಗೇ ಅವರ ತೊಡೆ ಇನ್ನೂ ನಡುಗುತ್ತಿದ್ದುದು ಕಂಡು ಅಯ್ಯೋ ಅಂತಲೂ ಅನಿಸಿತು.

"ಆಯ್ತು ಬಿಡಿ, ಭಾವ" ಅಂದೆ.