ಮೇಷ್ಟ್ರ ಹಿಂದಿನ ಚಕ್ರ

ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದು ಮೂರು ವರ್ಷವಾಗಿತ್ತು. ಪೇಟೆಬೀದಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಮಕ್ಸೂದನಿಗೆ ಎರಡು ಬಗೆಯ ಜನರನ್ನು ಕಂಡರೆ ಮೈ ಉರಿಯುತ್ತಿತ್ತು. ಚೈನಿಗೆ ಎಣ್ಣೆ ಬಿಡದವರು ಒಂದು, ಎಣ್ಣೆ ಬಿಡದೆ ಸೈಕಲ್ಲನ್ನೇ ಬೈಯುವವರು ಇನ್ನೊಂದು. ಅವನ ಜೊತೆಗಾರರಿಬ್ಬರೂ ಎರಡೂ ಗುಂಪಿಗೆ ಸೇರಿದವರೇ: ಸ್ಕೂಲಿನ ಅನಂತರಾಮು ಮೇಷ್ಟ್ರು, ಬೆಲ್ಲದ ಮಂಡಿಯ ಶಿವಯ್ಯ. ಆದರೂ ಶನಿವಾರ ಸಂಜೆಯಾದರೆ ಮೂವರೂ ಹನಕೆರೆಯವರೆಗೆ ಸೈಕಲ್ ತುಳಿದು, ವಾಪಸ್ಸು ಬಂದು, ಯಾರಾದರೊಬ್ಬರ ಮನೆಯಲ್ಲಿ ಊಟ ಮಾಡುತ್ತಿದ್ದರು. ಮೇಷ್ಟ್ರ ಮನೆಯಲ್ಲಿ ಮಕ್ಸೂದನ ಎಲೆ ಜಗಲಿಯ ಮೇಲೆ. ಶಿವಯ್ಯನ ಮನೆಯಲ್ಲಿ ಪಡಸಾಲೆಯ ಮೂಲೆಗೆ. ಹಸಿದವನಿಗೆ ಜಗಲಿಯೇನು, ಮೂಲೆಯೇನು ಎಂದು ಅವನು ಉಂಡು ಏಳುತ್ತಿದ್ದ.

ಆ ಶನಿವಾರ ಸರದಿ ಅವನದು. ಗೆಳೆಯರಿಬ್ಬರೂ ಮೂರು ತಿಂಗಳು ಮುಂದೂಡಿ ಮುಂದೂಡಿ ಕೊನೆಗೆ ಒಪ್ಪಿದ್ದರು. ತಾಯಿ ಮಹಬೂಬ್ ಬೀ ಹೊಸ ಮಡಕೆ ತರಿಸಿ, ವಾರದಿಂದ ಮನೆಗೆ ಮಾಂಸ ಸೇರಿಸದೆ, ಬೇಳೆ ಹುಳಿ, ಪಾಯಸ ಮಾಡಿಟ್ಟಿದ್ದಳು. ಗೆಳೆಯರು ಒಂದು ಹೊತ್ತು ತನ್ನ ಮನೆಯೊಳಗೆ ಕೂತು ಉಣ್ಣಬೇಕು, ಮಕ್ಸೂದನ ಆಸೆ ಅಷ್ಟೇ.

ಹನಕೆರೆಯಿಂದ ತಿರುಗಿದ್ದೇ ತಡ, ಮೇಷ್ಟ್ರ ಹಿಂದಿನ ಚಕ್ರ ಪಂಚರ್.

“ಜಾಲಿ ಮುಳ್ಳು ಕಣಯ್ಯ. ನೀವು ನಡೀರಿ, ನಾನು ಇನ್ನೊಂದು ದಿನ ಬರ್ತೀನಿ.”

“ಪಂಚರ್ ಹಾಕೋನ್ನೇ ಜೊತೇಲಿ ಇಟ್ಕಂಡು ಇದೇನ್ ಮಾತು ಮೇಷ್ಟ್ರೇ,” ಎಂದು ಮಕ್ಸೂದ್ ಹಳ್ಳದ ನೀರಿನಲ್ಲಿ ಟ್ಯೂಬು ಅದ್ದಿ, ತೂತು ಹುಡುಕಿ ತೇಪೆ ಹಾಕಿದ. ಒಂದು ಮೈಲಿ ಹೋಗಿ ನೀರು ಕುಡಿಯಲು ನಿಂತರು. ಮತ್ತೆ ಅದೇ ಚಕ್ರ ಪಂಚರ್.

ಗೊಣಗಿಕೊಂಡೇ ಟೈರು ಬಿಚ್ಚಿದವನು ಹಾಗೇ ಕೂತ. ರಸ್ತೆಯ ಮುಳ್ಳು ಟೈರಿನ ನೆತ್ತಿಗೆ ನಾಟುತ್ತದೆ, ಪಕ್ಕೆಗೆ ಹತ್ತಿ ಬಂದು ಚುಚ್ಚುವುದಿಲ್ಲ. ಇಲ್ಲಿ ಎರಡು ತೂತೂ ಪಕ್ಕೆಗೇ ಇದ್ದವು. ಪರೀಕ್ಷೆ ಪೇಪರಿಗೆ ಚುಚ್ಚುವ ಗುಂಡುಸೂಜಿ ಮೇಷ್ಟ್ರ ಕೋಟಿನ ಕಾಲರಿನಲ್ಲೇ ಹೊಳೆಯುತ್ತಿತ್ತು. ಕುಣಿಯಲಾರದವಳಿಗೆ ನೆಲ ಡೊಂಕಂತೆ, ಇವರಿಗೆ ಟೈರು ಸಿಕ್ಕಿತು.

“ಉಣ್ಣಾಕಿಲ್ಲ ಅಂತ ಬಾಯಲ್ಲೇ ಹೇಳಬಾರ್ದಾ ಮೇಷ್ಟ್ರೇ? ಟ್ಯೂಬೇನ್ ಪಾಪ ಮಾಡಿತ್ತು?”

ಮೇಷ್ಟ್ರು ತಲೆ ತಗ್ಗಿಸಿದರು. “ನಿಮ್ಮನೇಲಿ ಊಟ ಮಾಡಿದ್ರೆ ಬಾವಿಗೆ ಬೀಳ್ತೀನಿ ಅಂತ ನಮ್ಮಮ್ಮ ಕೂತಿದ್ದಾರೆ ಕಣಯ್ಯ. ನಿನ್ನ ಮುಖ ನೋಡಿ ಹೇಳೋಕೆ ಆಗ್ಲಿಲ್ಲ.”

“ನೀನಾದ್ರೂ ಬಾರ್ಲಾ ಶಿವಯ್ಯ.”

“ಮೇಷ್ಟ್ರನ್ನ ಒಬ್ರನ್ನೇ ಬುಟ್ಟು ಎಂಗ್ ಬರ್ಲಿ ಕಣ್ಲಾ,” ಎಂದ ಶಿವಯ್ಯ, ತನ್ನ ಸೈಕಲ್ಲಿನ ಗಂಟೆಯನ್ನು ಪಂಚೆಯಿಂದ ಉಜ್ಜುತ್ತ.

ಎಂಥಾ ಜನವಪ್ಪ ಇವರು. ಪಂಪು ಎತ್ತಿ ಇಬ್ಬರ ತಲೆಗೂ ಬಿಡೋಣ ಅನ್ನಿಸಿತು ಮಕ್ಸೂದನಿಗೆ. ಬಿಡಲಿಲ್ಲ. ತೇಪೆ ಹಾಕಿ, ಗಾಳಿ ತುಂಬಿಕೊಟ್ಟು, ಒಬ್ಬನೇ ಮನೆಗೆ ಬಂದ.

ಮಹಬೂಬ್ ಬೀ ಮೂರು ಎಲೆ ಹಾಕಿಟ್ಟು ಬಾಗಿಲಲ್ಲೇ ಕಾಯುತ್ತಿದ್ದಳು. “ಎಲ್ಲಪ್ಪಾ ಅವರು?”

“ಮೇಷ್ಟ್ರ ಸೈಕಲ್ ಪಂಚರ್ ಆಯ್ತಮ್ಮ. ಶಿವಯ್ಯ ಅವರ ಜೊತೆ ನಿಂತ.”

“ಊರೋರ್ಗೆಲ್ಲ ಪಂಚರ್ ಹಾಕ್ತೀಯ, ಅದೊಂದು ಹಾಕೋಕೆ ಬರ್ಲಿಲ್ವಾ ನಿಂಗೆ?”

ಹತ್ತು ವರ್ಷದಲ್ಲಿ ಅವನ ಕೆಲಸಕ್ಕೆ ಒಬ್ಬರೂ ಬೆರಳು ತೋರಿಸಿರಲಿಲ್ಲ.

“ಇಲ್ಲಮ್ಮ, ಬರ್ಲಿಲ್ಲ,” ಎಂದು ಕೈ ತೊಳೆಯಲು ಹೋದ.