ಬೇಸ್‌ಲೈನ್ ಒರೆಸಿದ ಹುಡುಗಿ

ಕೊರೋನಾ ಮುಗಿದ ಮರುವರ್ಷದ ಮಾತು. ನಾನು ಐದಾರು ವರ್ಷಗಳಿಂದ ಸಂಡೂರು ಬಳಿಯ ಯಶವಂತನಗರದಲ್ಲಿ ಟೆನಿಸ್ ಕೋಚ್ ಆಗಿದ್ದೆ. ಹನ್ನೊಂದು ವರ್ಷ ವೃತ್ತಿಪರನಾಗಿ ಆಡಿ, ಮೊಣಕಾಲು ಕೈಕೊಟ್ಟ ಮೇಲೆ ಹಿಡಿದ ಕೆಲಸ ಅದು. ಟೂರ್ನಮೆಂಟ್ ಇದ್ದಾಗ ಕಾಮೆಂಟರಿಗೂ ಕರೆಯುತ್ತಿದ್ದರು. ನಾಲಿಗೆ ಹರಿತವೆಂಬ ಜಂಬ ನನಗಿತ್ತು.

ನಮ್ಮದು ಮಣ್ಣಿನ ಕೋರ್ಟ್. ಅದಿರಿನ ಲಾರಿ ಹೋದಂತೆಲ್ಲ ಕೆಂಪು ಧೂಳು ಬಂದು ಬಿಳಿ ಗೆರೆಗಳು ಮುಚ್ಚಿಹೋಗುತ್ತಿದ್ದವು.

ನನ್ನ ಶಿಷ್ಯೆ ಹುಲಿಗೆಮ್ಮನಿಗೆ ಆಗ ಹದಿನಾರು. ಗಣಿ ಕಂಪನಿಯ ಬಸ್ ಡ್ರೈವರ್ ಮಗಳು. ಹೊಸಪೇಟೆಯ ಟೂರ್ನಮೆಂಟಿನಲ್ಲಿ ಫೈನಲ್ ತಲುಪಿದಳು. ಅಲ್ಲೂ ಮಣ್ಣಿನ ಕೋರ್ಟ್, ಕಾಮೆಂಟರಿ ನನ್ನದೇ. ಗೆದ್ದವಳಿಗೆ ತರಬೇತಿ ಶಿಬಿರದಲ್ಲಿ ಸೀಟು. ಎದುರಾಳಿ ಅಲ್ಲಿನ ಕ್ಲಬ್ಬಿನವಳು. ನೆರೆದವರೆಲ್ಲ ಅವಳ ಕಡೆಯವರು. "ಏ ಗಣಿ ಧೂಳು, ಮನೀಗೆ ನಡಿ!" ಎಂದು ಮೊದಲ ಸರ್ವಿನಿಂದಲೇ ಕೂಗುತ್ತಿದ್ದರು.

ಅಂಪೈರ್ ಇರಲಿಲ್ಲ. ಚೆಂಡು ಒಳಗೋ ಹೊರಗೋ ಎಂದು ಆಯಾ ಬದಿಯ ಆಟಗಾರ್ತಿಯೇ ಹೇಳಬೇಕು. ತಕರಾರಾದರೆ ಮಣ್ಣಿನ ಮೇಲೆ ಚೆಂಡು ಬಿದ್ದ ಗುರುತು ನೋಡಬೇಕು. ಗುರುತು ಅಳಿಸಿದರೆ ಪಾಯಿಂಟ್ ಎದುರಾಳಿಗೆ.

ಕೊನೆಯ ಸೆಟ್, 5-4, 40-30. ಇನ್ನೊಂದು ಪಾಯಿಂಟ್ ಸಿಕ್ಕರೆ ಹುಲಿಗೆಮ್ಮ ಗೆದ್ದಂತೆ. ಎದುರಾಳಿ ಹೊಡೆದ ಚೆಂಡು ಕೋರ್ಟಿನ ಹಿಂಬದಿ ಗೆರೆಯಾದ ಬೇಸ್‌ಲೈನ್ ಬಳಿ ಬಿತ್ತು. "ಔಟ್" ಎಂದು ಬೆರಳೆತ್ತಿದ ಹುಲಿಗೆಮ್ಮ ಶೂನಿಂದ ಆ ಜಾಗವನ್ನು ಒರೆಸಿಬಿಟ್ಟಳು. ಎದುರಾಳಿ ತಕರಾರು ತೆಗೆಯದೆ ಕೈಕುಲುಕಲು ನೆಟ್ಟಿನತ್ತ ಹೊರಟಳು. ನನಗೆ ತಡೆಯಲಾಗಲಿಲ್ಲ. ಶಿಷ್ಯೆಯಾದರೂ ಬಿಡುವವನಲ್ಲ ಎಂದು ತೋರಿಸಿಕೊಳ್ಳುವ ಚಪಲ. "ಗುರುತು ಅಳಿಸಿದಳು! ಇದು ಮೋಸ!" ಎಂದು ಮೈಕಿನಲ್ಲಿ ಕಿರುಚಿದೆ.

ನನ್ನ ಕೂಗು ಕೇಳಿ ಟೂರ್ನಮೆಂಟಿನ ರೆಫರಿ ಬಂದು, ಗುರುತಿಲ್ಲದ್ದು ಕಂಡು ಪಾಯಿಂಟನ್ನು ಎದುರಾಳಿಗೆ ಕೊಟ್ಟರು. "ಕಳ್ಳಿ, ಕಳ್ಳಿ" ಎಂಬ ಕೂಗಿನ ನಡುವೆ ಹುಲಿಗೆಮ್ಮ ಆ ಸೆಟ್ಟನ್ನು 5-7ರಿಂದ ಸೋತಳು.

ಆಟ ಮುಗಿದದ್ದೇ ನೇರ ನನ್ನ ಮೇಜಿಗೆ ಬಂದಳು.

"ಧೂಳು ಕುಂತ್ರ ಪಾಯಿಂಟಿಗೊಮ್ಮಿ ಕಾಲಿಂದ ಗೆರಿ ಒರಸು ಅಂತ ಕಲಿಸಿದೋರು ಯಾರ್ರಿ ಸರ?"

ಕಲಿಸಿದವನು ನಾನೇ. ನಾಲ್ಕು ವರ್ಷ ದಿನಾ ಮಾಡಿಸಿದ್ದೆ. ನಿಯಮ ಅವಳಿಗೆ ಗೊತ್ತಿತ್ತು, ಅವಳ ಕಾಲಿಗೆ ಗೊತ್ತಿರಲಿಲ್ಲ. ಒರೆಸಿದ್ದನ್ನು ನಾನು ಕಂಡಿದ್ದೆ, ಮೋಸವನ್ನು ಕಂಡಿರಲಿಲ್ಲ.

"ತಪ್ಪಾಯ್ತಮ್ಮ" ಎಂದೆ.

ಪಕ್ಕದಲ್ಲಿದ್ದ ಅವಳ ಅಪ್ಪ, "ಅದನ್ನೂ ಮೈಕಿನಾಗ ಹೇಳ್ರಿ" ಎಂದರು.

ಮೈಕ್ ಇನ್ನೂ ಕೈಯಲ್ಲೇ ಇತ್ತು. ಆ ಜನರ ಮುಂದೆ ಸಣ್ಣವನಾಗಲು ಹೆದರಿ ಹೇಳಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ಅಪ್ಪ ಮಗಳನ್ನು ನನ್ನ ಕೋಚಿಂಗಿನಿಂದ ಬಿಡಿಸಿದರು. ಕಳೆದ ವರ್ಷ ಕಂಪ್ಲಿಯಲ್ಲಿ ಅವಳು ಆಡುವಾಗ ಕಾಮೆಂಟರಿ ನನ್ನದೇ ಇತ್ತು. ಗೆರೆ ಮಣ್ಣಲ್ಲಿ ಮುಚ್ಚಿತ್ತು. ಪ್ರತಿ ಪಾಯಿಂಟ್ ಮುಗಿದಾಗಲೂ ಹುಲಿಗೆಮ್ಮ ಗೆರೆ ಒರೆಸಲು ಕಾಲು ಆಡಿಸದೆ, ನನ್ನನ್ನೇ ದುರುಗುಟ್ಟಿಕೊಂಡು ನಿಂತಳು. ಕಂಡದ್ದನ್ನಷ್ಟೇ ಹೇಳು ಎಂಬ ಪಾಠ ಈ ವೃತ್ತಿಯಲ್ಲಿ ನಾನು ಕಲಿತೆ. ಆ ಪಾಠಕ್ಕೆ ಬೆಲೆಯಾಗಿ ಶಿಬಿರದ ಸೀಟು ಕಳೆದುಕೊಂಡವಳು ಅವಳು.