ಒಂದೇ ಹುಳು ಕೊರೆದ ದಾರಿ

ಝೆರಾಕ್ಸ್ ಕಾಕನ ಬಲಗೈ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಕಾಗದ ಬಿಡಿಸಿ, ತಿರುವಿ, ಜೋಡಿಸಿ ಆ ಬೆರಳು ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರಕ್ಕೆ ಅವರು ಯಾರೆಂದು ಗೊತ್ತಾಗುತ್ತಿರಲಿಲ್ಲ. ಪ್ರತಿ ಸಲವೂ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಬೇಕಿತ್ತು. “ಊರಿನವರದ್ದೆಲ್ಲ ಕಾಪಿ ತೆಗ್ದು ತೆಗ್ದು ನನ್ನ ಒರಿಜಿನಲೇ ಅಳಿದುಹೋಯ್ತು ಅಕ್ಕ” ಎಂದು ನಗದೆಯೇ ಹೇಳುತ್ತಿದ್ದರು. ನಗುವ ಕೆಲಸವನ್ನು ನಮಗೆ ಬಿಡುತ್ತಿದ್ದರು.

ಬ್ಯಾರಿ ಮುಸಲ್ಮಾನ ಹಿರಿಯರನ್ನು ಕಾಕ ಎಂದು ಕರೆಯುವುದು ನಮ್ಮಲ್ಲಿ ರೂಢಿ. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ, ಹಳೆಯ ಕಟ್ಟಡವೊಂದರ ಮೆಟ್ಟಿಲಿನ ಅಡಿಯಲ್ಲಿ ಅವರ ಅಂಗಡಿ. ಒಂದು ಯಂತ್ರ, ಒಂದು ಸ್ಟೂಲು, ಗೋಡೆಯಲ್ಲೊಂದು ಕ್ಯಾಲೆಂಡರ್. ಎತ್ತರದವರು ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಮಾರ್ಕ್ಸ್ ಕಾರ್ಡು, ಆರ್‌ಟಿಸಿ, ಕೋರ್ಟಿನ ನೋಟೀಸು, ಜಾತಕ, ಎಲ್ಲರ ಗುಟ್ಟೂ ಆ ಗಾಜಿನ ಮೇಲೆ ಮಲಗಿ ಎದ್ದು ಹೋಗುತ್ತಿತ್ತು. ಕಾಕ ಒಂದನ್ನೂ ಓದುತ್ತಿರಲಿಲ್ಲ. “ನಮ್ಮ ಕಣ್ಣು ಕಾಗದದ ಅಂಚು ನೋಡ್ಬೇಕು. ಅಕ್ಷರ ಅವರವರದ್ದು” ಎನ್ನುವುದು ಅವರ ನಿಯಮ. ನಾನು ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಬೇರೆಯವರ ಕಾಗದ ಮುಟ್ಟಿಯೂ ಓದದಿರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಒಂದೆರಡು ಪೋಸ್ಟ್‌ಕಾರ್ಡು ಓದಿದ ಪಾಪ ನನ್ನ ತಲೆಯ ಮೇಲೂ ಇದೆ.

ನಿವೃತ್ತಿಯಾದ ಮೇಲೆ ಕಡಬದಲ್ಲಿ ನಾಲ್ಕು ಜನ ಸೇರಿ ಒಂದು ಇತಿಹಾಸ ಕೂಟ ಕಟ್ಟಿದೆವು, ನಾನು ಕಾರ್ಯದರ್ಶಿಯಾದೆ. ಪುತ್ತೂರಿನಲ್ಲೂ ಸುಳ್ಯದಲ್ಲೂ ಇಂಥ ಕೂಟಗಳು ಮೊದಲೇ ಇದ್ದವು. ಪುತ್ತೂರಿನದ್ದನ್ನು ಒಬ್ಬ ವಕೀಲರು, ಸುಳ್ಯದ್ದನ್ನು ಒಬ್ಬ ನಿವೃತ್ತ ಮಾಷ್ಟ್ರು ನಡೆಸುತ್ತಿದ್ದರು. ಮೂವರ ಕೆಲಸವೂ ಒಂದೇ: ಹಳೆಯ ಕಾಗದ, ಫೋಟೊ, ಹಿರಿಯರ ನೆನಪು ಕೂಡಿಡುವುದು. ಮಾತುಕತೆ ಮಾತ್ರ ಇರಲಿಲ್ಲ. ಅದರಲ್ಲಿ ನನ್ನ ಪಾಲು ದೊಡ್ಡದು. ಪುತ್ತೂರು, ಸುಳ್ಯದ ಕೆಲವು ಊರು ಸೇರಿ ಕಡಬ ಹೊಸ ತಾಲೂಕಾದ ಮೇಲೆ ನಮ್ಮ ಊರುಗಳ ಇತಿಹಾಸವೂ ನಮಗೇ ವರ್ಗವಾಗಬೇಕೆಂದು ಒಂದು ಸಭೆಯಲ್ಲಿ ಜೋರಾಗಿ ಹೇಳಿಬಿಟ್ಟಿದ್ದೆ. “ಇತಿಹಾಸ ಎಂತ ಟಪಾಲು ಚೀಲವಾ, ಬಸ್ಸಿಗೆ ಹಾಕಿ ಕಳಿಸ್ಲಿಕ್ಕೆ?” ಎಂದು ಸುಳ್ಯದ ಮಾಷ್ಟ್ರು ಎದ್ದು ನಿಂತು ಕೇಳಿದರು. ಸಭೆ ನಕ್ಕಿತು. ಅಂದಿನಿಂದ ನಾವು ಎದುರು ಸಿಕ್ಕಿದರೆ ಇಬ್ಬರೂ ಬಸ್ಸಿನ ಬೋರ್ಡು ಓದುತ್ತಿದ್ದೆವು.

ಆಗ ನಮ್ಮ ಕೂಟದ ಕೈಗೆ ಒಂದು ಕಟ್ಟು ಹಾಳೆ ಬಂತು. ಹಿಂದೆ ಈ ಕಡೆಯೆಲ್ಲ ಹೆಸರಾಗಿದ್ದ ನಾಟಿ ಪಂಡಿತರೊಬ್ಬರು ತಮ್ಮಲ್ಲಿಗೆ ಬಂದ ರೋಗಿಗಳ ವಿಷಯ ಬರೆದಿಟ್ಟದ್ದು. ಯಾವ ಊರು, ಏನು ಕಾಯಿಲೆ, ಯಾವ ಮದ್ದು. ರೋಗಿ ಆಡಿದ ಮಾತನ್ನು ಅವರು ಬಂದ ಹಾಗೆಯೇ ಬರೆದಿದ್ದರು. ತುಳುವಿನವರದ್ದು ತುಳುವಿನಲ್ಲಿ, ಅರೆಭಾಷೆಯವರದ್ದು ಅರೆಭಾಷೆಯಲ್ಲಿ, ಬ್ಯಾರಿಗಳದ್ದು ಬ್ಯಾರಿಯಲ್ಲಿ, ಎಲ್ಲವೂ ಕನ್ನಡ ಅಕ್ಷರದಲ್ಲಿ. ಅರಸರ ಶಾಸನ ಬೇಕಾದಷ್ಟು ಸಿಗುತ್ತದೆ. ಕೊಲ್ಲಮೊಗ್ರಿನ ಕೂಲಿಯವನೊಬ್ಬ ತನ್ನ ಹೊಟ್ಟೆನೋವನ್ನು ಯಾವ ಮಾತಿನಲ್ಲಿ ಹೇಳಿದ ಎಂಬುದು ಎಲ್ಲಿ ಸಿಗುತ್ತದೆ? ನನಗೆ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಪಂಡಿತರ ಪುಸ್ತಕದ ಅಸಲು ಪ್ರತಿ ಕಡಬದಲ್ಲಿದೆ ಎಂದು ಕರಪತ್ರ ಹಂಚಿದೆ. ಪುತ್ತೂರಿನವರು ಅಸಲು ನಮ್ಮಲ್ಲಿದೆ ಎಂದರು. ಸುಳ್ಯದವರೂ ಹಾಗೆಯೇ ಎಂದರು. ಉಳಿದಿಬ್ಬರದ್ದು ನಕಲು ಎಂದು ಮೂವರೂ ನಂಬಿದೆವು, ಒಬ್ಬರದ್ದನ್ನು ಒಬ್ಬರು ನೋಡದೆಯೇ. ಮೂರು ಕೂಟಗಳೂ ಬೇರೆ ಬೇರೆ ಪುಸ್ತಕ ಅಚ್ಚು ಹಾಕಿಸಲು ಹೊರಟವು. ಹಾಗೆ ಆಗಿಬಿಟ್ಟಿದ್ದರೆ ಪಂಡಿತರ ಬರಹ ಎಂದೆಂದಿಗೂ ಹರಿದೇ ಉಳಿಯುತ್ತಿತ್ತು.

ಹಾಳೆಗಳು ಮುಟ್ಟಿದರೆ ಉದುರುವಂತಿದ್ದವು. ಅಂಥದ್ದನ್ನು ನೋಯಿಸದೆ ಕಾಪಿ ತೆಗೆಯುವವರು ನಮಗೆ ಗೊತ್ತಿದ್ದಂತೆ ಕಾಕ ಒಬ್ಬರೇ. ಅವರು ಯಂತ್ರದ ಮುಚ್ಚಳ ಒತ್ತುತ್ತಿರಲಿಲ್ಲ. ಒಂದೊಂದೇ ಹಾಳೆಯನ್ನು ಎರಡು ಕೈಯಲ್ಲಿ ಎತ್ತಿ ಇಡುವರು. “ಅಜ್ಜಿಯನ್ನು ಬಸ್ಸಿಂದ ಇಳಿಸಿದ ಹಾಗೆ ಇಳಿಸ್ಬೇಕು ಇದನ್ನು” ಎಂದರು. ಅವಸರವಿಲ್ಲವೆಂದು ಹೇಳಿ ಕಟ್ಟನ್ನು ಅವರಲ್ಲೇ ಬಿಟ್ಟು ಬಂದೆ. ಇನ್ನಿಬ್ಬರೂ ತಮ್ಮ ತಮ್ಮ ಕಟ್ಟುಗಳನ್ನು ಅಲ್ಲಿಯೇ ಬಿಟ್ಟಿದ್ದಾರೆಂದು ನನಗೇನು ಗೊತ್ತು? ಕಾಕ ಹೇಳಲಿಲ್ಲ. ಒಬ್ಬರ ಕಾಗದದ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳುವ ಜನವಲ್ಲ ಅವರು.

ಒಂದು ವಾರ ಬಿಟ್ಟು ಫೋನ್ ಮಾಡಿದರು. “ನಾಳೆ ಹನ್ನೊಂದು ಗಂಟೆಗೆ ಬನ್ನಿ ಅಕ್ಕ. ಬೇಗ ಬರುದು ಬೇಡ, ತಡ ಮಾಡುದೂ ಬೇಡ.”

ಹೋಗಿ ನೋಡಿದರೆ ಸ್ಟೂಲಿನ ಮೇಲೆ ವಕೀಲರು ಕೂತಿದ್ದಾರೆ. ನಾನು ತಿರುಗಿ ಹೊರಡಬೇಕೆನ್ನುವಷ್ಟರಲ್ಲಿ ಮಾಷ್ಟ್ರು ತಲೆ ಬಗ್ಗಿಸಿ ಒಳಗೆ ಬಂದರು. ಆ ಮೆಟ್ಟಿಲಿನ ಅಡಿಯಲ್ಲಿ ಮೂರು ಜನಕ್ಕೆ ಮುಖ ತಿರುಗಿಸಲೂ ಜಾಗವಿಲ್ಲ. ಕಾಕ ಬಾಗಿಲಿಗೆ ಅಡ್ಡ ನಿಂತರು.

“ಎಂತ ಕಾಕ ಇದು?” ವಕೀಲರು ಕೇಳಿದರು.

“ನನ್ನ ಮೆಷಿನಿಗೆ ಒಂದು ಕಾಯಿಲೆ ಬಂದಿತ್ತು. ಅದನ್ನು ಹೇಳ್ತೇನೆ, ಕೇಳಿ. ನಿಮ್ಮ ಕಾಪಿ ತೆಗೆದೆ, ಎಲ್ಲ ಹಾಳೆಯಲ್ಲೂ ಒಂದೇ ಜಾಗದಲ್ಲಿ ಒಂದು ಕಪ್ಪು ಚುಕ್ಕೆ. ಗಾಜಿನಲ್ಲಿ ಕಸ ಉಂಟು ಅಂತ ಒರೆಸಿದೆ. ಮಾಷ್ಟ್ರದ್ದು ತೆಗೆದೆ, ಅದೇ ಚುಕ್ಕೆ. ಸ್ಪಿರಿಟ್ ಹಾಕಿ ಉಜ್ಜಿದೆ. ಅಕ್ಕಂದು ತೆಗೆದೆ, ಮತ್ತೂ ಅದೇ ಚುಕ್ಕೆ. ಗಾಜೇ ಹೋಯ್ತು ಅಂತ ಮೆಕ್ಯಾನಿಕನಿಗೆ ಫೋನ್ ಮಾಡಿದೆ. ಮತ್ತೆ ನನ್ನ ರೇಷನ್ ಕಾರ್ಡ್ ಇಟ್ಟು ತೆಗೆದೆ, ಚುಕ್ಕೆ ಇಲ್ಲ. ಕಾಯಿಲೆ ಮೆಷಿನಿಗಲ್ಲ ಮಾರಾಯ್ರೆ.”

ಅವರು ಮೂರೂ ಕಟ್ಟುಗಳನ್ನು ಒಂದರ ಮೇಲೊಂದು ಇಟ್ಟು, ಅಂಚು ಸರಿ ಮಾಡಿದರು. ಮೂಲೆಯಲ್ಲಿದ್ದ ಕಸ ಗುಡಿಸುವ ಹೊಸ ಹಿಡಿಸೂಡಿಯಿಂದ ತೆಳ್ಳಗಿನ ಒಂದು ಕಡ್ಡಿ ಎಳೆದು, ಮೇಲಿನ ಹಾಳೆಯ ಹುಳು ಕೊರೆದ ತೂತಿಗೆ ಇಟ್ಟು ಮೆಲ್ಲಗೆ ಇಳಿಸಿದರು. ಕಡ್ಡಿ ಪುತ್ತೂರಿನ ಕಟ್ಟನ್ನು ದಾಟಿತು, ಸುಳ್ಯದ್ದನ್ನು ದಾಟಿತು, ನಮ್ಮ ಕಟ್ಟಿನ ಅಡಿಯಲ್ಲಿ ಹೊರಗೆ ಬಂತು.

“ಒಂದೇ ಹುಳು. ಪುತ್ತೂರಲ್ಲಿ ಒಳಗೆ ಹೋಗಿ ಕಡಬದಲ್ಲಿ ಹೊರಗೆ ಬಂದದ್ದು. ಹುಳಕ್ಕೆ ತಾಲೂಕೆಲ್ಲ ಗೊತ್ತುಂಟಾ?” ಎಂದರು. “ನಾನು ಒಂದಕ್ಷರ ಓದ್ಲಿಲ್ಲ. ತೂತು ನೋಡಿದ್ದು ಮಾತ್ರ” ಎಂದು ಸೇರಿಸಿದರು.

ಪಂಡಿತರಿಗೆ ಮೂವರು ಮಕ್ಕಳೆಂದೂ, ಪಾಲಾಗುವಾಗ ಈ ಪುಸ್ತಕವೂ ಮೂರು ಪಾಲಾಗಿತ್ತೆಂದೂ ನಮಗೆ ತಿಳಿದದ್ದು ಆಮೇಲೆ. ವಕೀಲರಿಗೆ ಸುಲಭದಲ್ಲಿ ನಂಬುವ ಅಭ್ಯಾಸವಿಲ್ಲ. ತಮ್ಮ ಕಟ್ಟಿನ ಕೊನೆಯ ಹಾಳೆ ತೆಗೆದು ಓದಿದರು: “ಪಂಜದಿಂದ ಒಬ್ಬ ಹೆಂಗಸು, ಕೈಯಲ್ಲಿ ಎಂಟು ದಿನದ ಮಗು…” ಅಲ್ಲಿಗೆ ಹಾಳೆ ಮುಗಿದಿತ್ತು. ಮಾಷ್ಟ್ರು ಕನ್ನಡಕ ಏರಿಸಿ ತಮ್ಮ ಮೊದಲ ಹಾಳೆ ಹಿಡಿದರು. “…ಹಾಲು ಹಿಡಿಯುವುದಿಲ್ಲವಂತೆ. ಮದ್ದು ಕೊಟ್ಟೆ. ಉಳಿಯುವುದು ಕಷ್ಟ.” ಅವರ ಸ್ವರ ಸಣ್ಣದಾಯಿತು. ಇಷ್ಟು ವರ್ಷ ತಲೆಯಿಲ್ಲದ ವಾಕ್ಯವೆಂದು ಅವರು ಅದನ್ನು ಬಿಟ್ಟುಬಿಟ್ಟಿದ್ದರಂತೆ.

“ಮಗು ಎಂತಾಯ್ತು?”

ಕೇಳಿದವರು ಕಾಕ. ಯಾರ ಕಾಗದದಲ್ಲಿ ಏನಿದೆ ಎಂದು ಅವರು ಕೇಳಿದ್ದನ್ನು ನಾನು ಮೊದಲ ಸಲ ಕಂಡದ್ದು.

ಉತ್ತರ ನನ್ನಲ್ಲಿತ್ತು. ಹತ್ತು ಸಲ ಓದಿದ ಸಾಲು. ಪಕ್ಕದಲ್ಲಿ ಚೀಟಿಯಿಟ್ಟು ‘ಯಾವ ಮಗುವೋ ತಿಳಿಯದು’ ಎಂದು ಬರೆದಿದ್ದವಳು ನಾನೇ. ಆ ಹಾಳೆ ತೆಗೆದು ಓದಿದೆ. “ಪಂಜದ ಹೆಂಗಸು ಬಂದಿದ್ದಳು. ಆ ಮಗು ಈಗ ಓಡುತ್ತದೆ. ಹಿಡಿಯಲು ಆಗುವುದಿಲ್ಲವಂತೆ. ನನಗೊಂದು ಕದಳಿ ಗೊನೆ ತಂದಳು.”

ಕಾಕ ಟೊಪ್ಪಿ ತೆಗೆದು ಮುಖ ಒರೆಸಿಕೊಂಡರು. “ಅಲ್‌ಹಮ್ದುಲಿಲ್ಲಾಹ್” ಎಂದು ತಮ್ಮಷ್ಟಕ್ಕೇ ದೇವರನ್ನು ಸ್ತುತಿಸಿದರು. ಯಾವಾಗಲೋ ಬದುಕಿಕೊಂಡ ಒಂದು ಮಗುವಿಗಾಗಿ ನಾವು ನಾಲ್ವರು ಮೆಟ್ಟಿಲಿನ ಅಡಿಯಲ್ಲಿ ಕಣ್ಣು ಒದ್ದೆ ಮಾಡಿಕೊಂಡು ನಿಂತಿದ್ದೆವು. ಕರಪತ್ರ ಹಾಕಿಸಿದ್ದು ನನ್ನದೇ ತಪ್ಪು ಎಂದೆ. “ನನ್ನ ನಾಲಗೆಯೂ ಸ್ವಲ್ಪ ಉದ್ದವೇ” ಎಂದರು ಮಾಷ್ಟ್ರು. ಕಾಕ ನಿಂಬೆ ಶರಬತ್ತು ತರಿಸಿದರು.

ಮುಂದೆ ಎರಡು ವರ್ಷ ನಾವು ದುಡಿದ ಪರಿ ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ. ಅರೆಭಾಷೆಯ ಮಾತುಗಳನ್ನು ಸುಳ್ಯದವರು ಬಿಡಿಸಿದರು, ತುಳುವಿನದ್ದನ್ನು ಪುತ್ತೂರಿನವರು. ಹಳೆಯ ಊರು ಮನೆಗಳ ಹೆಸರು ಪತ್ತೆ ಮಾಡುವುದು ನನ್ನ ಪಾಲಿಗೆ ಬಂತು; ಅಷ್ಟು ವರ್ಷ ವಿಳಾಸ ಓದಿದ್ದು ಸುಮ್ಮನೆಯಾ? ಮಲೆಯಾಳ ಬೆರೆತ ಸಾಲುಗಳಿಗೆ ಕೇರಳದ ಗಡಿಯ ಮಂಡೆಕೋಲಿನ ಒಬ್ಬ ಅಜ್ಜಿಯ ಮನೆಗೆ ಮೂವರೂ ಒಂದೇ ಜೀಪಿನಲ್ಲಿ ಹೋದೆವು. ಬ್ಯಾರಿ ಮಾತುಗಳಿಗೆ ಕಾಕನೇ ಬೇಕಾಯಿತು. ಹಾಳೆ ಮುಂದಿಟ್ಟರೆ ಮುಟ್ಟಲಿಲ್ಲ. “ಈಗ ಓದ್ಬಹುದಾ?” ಎಂದು ಮೂವರ ಮುಖವನ್ನೂ ನೋಡಿ, ಮೂವರೂ ತಲೆಯಾಡಿಸಿದ ಮೇಲೆಯೇ ಓದತೊಡಗಿದರು. ಮೂರೂ ಕೂಟ ಸೇರಿ ಅಚ್ಚು ಹಾಕಿಸುವ ಪುಸ್ತಕದಲ್ಲಿ ಅವರ ಹೆಸರು ಹಾಕುತ್ತೇವೆಂದರೆ ಒಪ್ಪಲಿಲ್ಲ. “ಕಾಪಿ ತೆಗೆದವನ ಹೆಸರು ಕಾಗದದಲ್ಲಿ ಬರುದುಂಟಾ?”

ಮೂಲ ಹಾಳೆಗಳು ಒಂದೇ ಪೆಟ್ಟಿಗೆಯಲ್ಲಿ, ವರ್ಷಕ್ಕೊಂದು ತಾಲೂಕಿನಂತೆ ಇರಬೇಕೆಂದು ವಕೀಲರು ಒಪ್ಪಂದ ಬರೆದರು. ನಾವು ಮೂವರು ಸಹಿ ಹಾಕಿದೆವು. ಸಾಕ್ಷಿಗೆ ಕಾಕ. ಅವರ ಸಹಿ ಮುತ್ತಿನಂಥದ್ದು, ಆದರೂ ಇಂಕ್ ಪ್ಯಾಡ್ ಕೇಳಿ ಹೆಬ್ಬೆಟ್ಟು ಒತ್ತಿದರು. ಕಾಗದದಲ್ಲಿ ಮೂಡಿದ್ದು ಬರೀ ಒಂದು ಕಪ್ಪು ಉರುಟು ಕಲೆ.

“ಇದು ನಡೆಯುದಿಲ್ಲ ಕಾಕ. ಗೆರೆಯೇ ಇಲ್ಲ” ಎಂದರು ವಕೀಲರು.

“ನೀವು ಮೂರು ಜನ ಇಷ್ಟು ವರ್ಷ ಎಳೆದ ಗೆರೆ ಸಾಲದಾ?” ಎಂದರು ಕಾಕ.

ಕಳೆದ ವರ್ಷ ಅವರು ತೀರಿಕೊಂಡರು. ಸುದ್ದಿ ಕೇಳಿದ ಕೂಡಲೇ ವಕೀಲರು ಕಾರು ತೆಗೆದರು, ನಾವು ಮೂವರೂ ಜೊತೆಯಾಗಿ ಹೋದೆವು. ಹಾಗೆ ಜೊತೆಯಾಗಿ ಹೋಗುವ ಅಭ್ಯಾಸ ಅವರಿಂದಲೇ ಬಂದದ್ದು ಎಂದು ದಾರಿಯಲ್ಲಿ ಮಾಷ್ಟ್ರು ಹೇಳಿದರು. ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ.

ಈ ವರ್ಷ ಪೆಟ್ಟಿಗೆ ಕಡಬದಲ್ಲಿದೆ. ತಮ್ಮ ಅಜ್ಜ ಅಜ್ಜಿಯರ ಮಾತು ಹುಡುಕಿಕೊಂಡು ಎಲ್ಲ ಕಡೆಯಿಂದ ಜನ ಬರುತ್ತಾರೆ. ಮೊನ್ನೆ ಪಂಜದಿಂದ ಬಂದ ಹೆಂಗಸೊಬ್ಬರು ಹಾಳೆಗಳನ್ನೆಲ್ಲ ನೋಡಿ, ಕೊನೆಗೆ ಒಪ್ಪಂದದ ಕಾಗದದ ಮೇಲೆ ಬಗ್ಗಿದರು.

“ಇದೆಂತ, ಇಂಕ್ ಬಿದ್ದು ಹಾಳಾದದ್ದಾ?”

“ಅಲ್ಲ,” ಎಂದೆ. “ಅದು ಒರಿಜಿನಲ್.”